ಅತ್ತೆ ಕಂಪ್ಯೂಟರು ಮಾತು ಬಿಟ್ಟ ದಸರಾ ರಜೆ

ಇಂಟರ್‌ನೆಟ್ ಅನ್ನುವುದು ಬೆಳಿಗ್ಗೆ ಶಟರ್ ಎತ್ತಿದರೆ ಬರುವ, ಸಂಜೆ ಶಟರ್ ಎಳೆದರೆ ಹೋಗುವ ವಸ್ತುವಾಗಿದ್ದ ಕಾಲ. ಅದನ್ನು ನೋಡಬೇಕೆಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ನಗಬೇಡಿ, ನಿಜ. ನಂಜನಗೂಡಿನಲ್ಲಿ ನಮ್ಮ ಚಿಕ್ಕಮ್ಮನ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಅಂತ ರಟ್ಟು ತೂಗುಹಾಕಿತ್ತು. ದೇವಸ್ಥಾನಕ್ಕೆ ಬಂದ ಹಳ್ಳಿಯವರು ಇದೂ ಯಾವುದೋ ಸಣ್ಣ ಗುಡಿ ಇರಬೇಕು ಅಂತ ಇಣುಕಿ, ಸಾಲಾಗಿ ಕೂತ ಕಂಪ್ಯೂಟರುಗಳನ್ನು ನೋಡಿ, ಯಾವುದಕ್ಕೂ ಇರಲಿ ಅಂತ ಕೈಮುಗಿದು ಹೋಗಿದ್ದೂ ಉಂಟು.

ನಾನಾಗ ಎಂಟನೇ ಕ್ಲಾಸು. ನಮ್ಮ ಮನೆ ಟಿ. ನರಸೀಪುರದಲ್ಲಿ. ದಸರಾ ರಜೆ ಬಂತೆಂದರೆ ಓರಗೆಯ ಮಕ್ಕಳೆಲ್ಲ ಮೈಸೂರಿಗೆ ಹೋಗಿ ಜಂಬೂಸವಾರಿ ನೋಡಿ, ವಸ್ತುಪ್ರದರ್ಶನದಲ್ಲಿ ಹಪ್ಪಳ ತಿಂದು ಬರುತ್ತಿದ್ದರು. ನಾನು ಬಟ್ಟೆಯ ಚೀಲ ಹಿಡಿದು ನಂಜನಗೂಡಿನ ಬಸ್ಸು ಹತ್ತುತ್ತಿದ್ದೆ. ‘ಚಿಕ್ಕಮ್ಮ ಒಬ್ಬಳೇ ಇದ್ದಾಳೆ, ಜೊತೆಗಿರು’ ಅಂತ ಅಮ್ಮ ಕಳಿಸುತ್ತಿದ್ದಳು. ನಾನು ಹೋಗುತ್ತಿದ್ದದ್ದು ಕಂಪ್ಯೂಟರಿಗಾಗಿ ಅಂತ ಅಮ್ಮನಿಗೂ ಗೊತ್ತಿತ್ತು.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ, ಸರ್ವಮಂಗಳ. ಚಾಮರಾಜನಗರದ ಕಡೆ ಕೊಟ್ಟಿದ್ದರು. ಎರಡು ವರ್ಷ ಸಂಸಾರ ಮಾಡಿ ಒಂದು ದಿನ ಬೆಳಿಗ್ಗೆ ಬ್ಯಾಗು ತೂಗುಹಾಕಿಕೊಂಡು ಹೊರಟು ಬಂದಳು. ಗಂಡ ಹೊಡೀತಿದ್ನಾ, ಕುಡೀತಿದ್ನಾ ಅಂತ ಊರೆಲ್ಲ ಕೇಳಿತು. ಎಲ್ಲರಿಗೂ ಅವಳದು ಒಂದೇ ಉತ್ತರ: “ಅಲ್ಲಿ ನಂಗೆ ಕೆಲ್ಸ ಇತ್ತು. ಮಾತಿರ್ಲಿಲ್ಲ.” ತೌರು ಮೂಗೂರಿಗೂ ಹೋಗಲಿಲ್ಲ. ನಂಜನಗೂಡಿನಲ್ಲಿ ರೂಮು ಹಿಡಿದು, ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಮೊದಲು ಟೈಪಿಂಗು, ಆಮೇಲೆ ಕಂಪ್ಯೂಟರು ಕಲಿತು, ಕೊನೆಗೆ ತನ್ನದೇ ಸೆಂಟರು ತೆರೆದಳು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರಲ್ಲಿ ಒಲೆ, ಚಾಪೆ, ಒಂದು ಶಿವನ ಫೋಟೋ. ಅಷ್ಟೇ ಅವಳ ಸಂಸಾರ.

ಆ ಅಂಗಡಿಯ ವಾಸನೆ ಈಗಲೂ ಮೂಗಿನಲ್ಲಿದೆ. ಬಿಸಿಯಾದ ಮಾನಿಟರಿನ ಧೂಳು, ನೆಲ ಒರೆಸಿದ ಫಿನೈಲು, ಬಾಗಿಲ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಹೂ ಮಾರುತ್ತಿದ್ದ ಲಕ್ಷ್ಮಕ್ಕನ ಮಲ್ಲಿಗೆ ಮತ್ತು ಮರುಗ. ಗಾಳಿ ತಿರುಗಿದರೆ ಫ್ಯಾಕ್ಟರಿಗಳ ಕಡೆಯಿಂದ ಒಂಥರಾ ಹುಳಿ ವಾಸನೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನೂ ಚಿಕ್ಕಮ್ಮನೂ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದೆವು. ಅದು ಬೇಜಾರಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದು ಲಕ್ಷ್ಮಕ್ಕನನ್ನು ಕರೆಯುತ್ತಿದ್ದೆವು. ಲಕ್ಷ್ಮಕ್ಕ ಮೋಸ ಮಾಡದೆ ಆಡಿದ್ದು ನಾನು ಕಾಣೆ. “ನಾನು ವೂವಿನೋಳು ಕಣವ್ವ, ಮುಟ್ಟಿದ್ದೆಲ್ಲ ದೇವ್ರುದು,” ಅಂತ ನಮ್ಮ ಕಾಯಿಗಳನ್ನು ಎತ್ತಿಕೊಂಡು ಬಿಡುತ್ತಿದ್ದಳು.

ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರು. ಫೋನಿನ ವೈರು ಬರುತ್ತಿದ್ದದ್ದು ಒಂದಕ್ಕೆ ಮಾತ್ರ. ಆ ಒಂದರ ಬೆನ್ನಿನಲ್ಲಿ ನೆಟ್‌ವರ್ಕ್ ಕಾರ್ಡು, ಕಾರ್ಡಿನ ಬಾಯಿಗೆ ಒಂದು ನೀಲಿ ವೈರು. ಆ ವೈರು ಗೋಡೆಯ ಮೇಲಿನ ಚಿಕ್ಕ ಡಬ್ಬಿಗೆ ಹೋಗಿ, ಅಲ್ಲಿಂದ ಮಿಕ್ಕ ಮೂರು ಕಂಪ್ಯೂಟರಿಗೆ ಹಂಚಿಕೆ. ಡಬ್ಬಿಗೆ ಹಬ್ ಅನ್ನುತ್ತಿದ್ದರು. ಯಾವ ಕಂಪ್ಯೂಟರಿನ ವೈರು ಸರಿಯಾಗಿ ಕೂತಿದೆಯೋ ಅದರ ಹೆಸರಿನಲ್ಲಿ ಡಬ್ಬಿಯ ಮೇಲೆ ಒಂದು ಹಸಿರು ದೀಪ. ಮೊದಲನೇ ಕಂಪ್ಯೂಟರಿಗೆ ಚಿಕ್ಕಮ್ಮ ‘ಅತ್ತೆ’ ಅಂತ ಹೆಸರಿಟ್ಟಿದ್ದಳು. ಮಿಕ್ಕ ಮೂರೂ ಸೊಸೆಯರು. “ಅತ್ತೆ ಬಡಿಸಿದ್ರೆ ಸೊಸೇರಿಗೆ ಊಟ. ಅತ್ತೆ ಮುನಿಸ್ಕೊಂಡ್ರೆ ಎಲ್ಲಾ ಉಪವಾಸ,” ಅನ್ನುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳ ಬಾಯಲ್ಲಿ ಈ ಮಾತು ಕೇಳಿ ಗಿರಾಕಿಗಳು ನಗಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದರು.

ಇನ್ನು ದೊಡ್ಡಮಾವ. ಅಮ್ಮನಿಗೂ ಚಿಕ್ಕಮ್ಮನಿಗೂ ಅಣ್ಣ. ಮೂಗೂರಿನಲ್ಲಿ ಗದ್ದೆ, ಒಂದು ಅಕ್ಕಿ ಮಿಲ್ಲು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಈಗಿನಿಂದಲೇ ಅವರಿಗೆ ಬೈಯೋಕೆ ಶುರುಮಾಡುತ್ತೀರಿ. ನಂಜನಗೂಡಿಗೆ ಬಂದಾಗಲೆಲ್ಲ ತಂಗಿಗೆ ಅಕ್ಕಿ, ಹುರುಳಿಕಾಳು, ತೆಂಗಿನಕಾಯಿ ತಂದು ಹಾಕುತ್ತಿದ್ದರು. ಹಾಕಿದ ಮೇಲೆ ಬಾಗಿಲಲ್ಲಿ ನಿಂತು ಒಳಗೆ ಕೂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿ, ಮೀಸೆ ಉಜ್ಜಿಕೊಂಡು, “ಸಾಕು ಕಣಮ್ಮಿ ಇದು. ಊರಿಗೆ ಬಂದ್ಬುಡು,” ಅಂತ ಹೇಳಿಯೇ ಹೋಗುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಅವರು ಮಿಲ್ಲಿನ ಪೂಜೆ ಬೆಳಿಗ್ಗೆಯೇ ಮುಗಿಸಿ ನಂಜನಗೂಡಿಗೆ ಬಂದರು. ಬೂದುಗುಂಬಳಕಾಯಿ, ಬಾಳೆಕಂದು, ಒಂದು ಚೀಲ ಕಡಲೆಪುರಿ, ಹಿತ್ತಾಳೆ ಬಟ್ಟಲು, ಮಠದಿಂದ ತಂದ ವಿಭೂತಿ ಗಟ್ಟಿ. ನಾನೂ ಚಿಕ್ಕಮ್ಮನೂ ಕಂಪ್ಯೂಟರುಗಳನ್ನು ಒರೆಸಿ, ಒಂದೊಂದು ಚೆಂಡುಹೂವಿನ ಹಾರ ಹಾಕಿ ರೆಡಿ ಮಾಡಿದ್ದೆವು. ಮಾವ ನೋಡಿದರು. ಸಮಾಧಾನವಾಗಲಿಲ್ಲ.

“ಏನಮ್ಮಿ ಮಂಗ್ಳಿ, ವೈರೆಲ್ಲಾ ಅಂಗೇ ಚುಚ್ಚಿದ್ದೀಯಲ್ಲ. ಬಿಚ್ಚು.”

“ಆಫ್ ಮಾಡಿದೀನಿ ಅಣ್ಣ. ಸಾಕು.”

“ನೊಗ ಕಟ್ಕೊಂಡೇ ಎತ್ತಿಗೆ ಮಂಗಳಾರತಿ ಮಾಡ್ತಾರ? ಬಿಚ್ಚಮ್ಮಿ.”

ಇದು ಅವರ ಮಿಲ್ಲಿನ ಪದ್ಧತಿ. ಪೂಜೆಗೆ ಮುಂಚೆ ಮೋಟರಿನ ಬೆಲ್ಟು ಕಳಚಬೇಕು, ಮುಚ್ಚಳ ತೆಗೆಯಬೇಕು. ಆ ಒಂದು ದಿನ ಯಂತ್ರಕ್ಕೆ ಯಾವ ಕಟ್ಟೂ ಇರಬಾರದು. ನೆನೆಸಿಕೊಂಡರೆ ಎಷ್ಟು ಚೆಂದದ ಯೋಚನೆ ಅನ್ನಿಸುತ್ತದೆ. ಎತ್ತಿಗೆ ಬಿಡುವಿತ್ತು, ಮೋಟರಿಗೆ ಬಿಡುವಿತ್ತು, ಮನೆಯ ಹೆಂಗಸರಿಗೆ ಮಾತ್ರ ಆ ದಿನವೂ ಬೆಳಗಿನಿಂದ ಹೋಳಿಗೆ ತಟ್ಟುವ ಕೆಲಸ. ಇರಲಿ.

ಚಿಕ್ಕಮ್ಮ ವೈರುಗಳನ್ನು ಬಿಚ್ಚಿದಳು. ಫೋನಿನ ವೈರೊಂದನ್ನು ಮುಟ್ಟಲಿಲ್ಲ. ಅದರ ಕೊಕ್ಕೆ ಮುರಿದು ಟೇಪು ಸುತ್ತಿ ನಿಲ್ಲಿಸಿದ್ದಳು. “ಇದನ್ನ ಕಿತ್ರೆ ಮತ್ತೆ ಕೂರಲ್ಲ ಅಣ್ಣ. ಇದೊಂದು ಇರ್ಲಿ.” ಮಾವ ಒಪ್ಪಿದರು.

“ಮೇನ್ ಯಾವ್ದು ಇದ್ರಲ್ಲಿ?”

“ಇದು. ಅತ್ತೆ.”

“ತಿರುಗ್ಸು ಅವಳ್ನ. ಮುಖಕ್ಕೆ ಬಳಿದ್ರೆ ಏನು ಬಂತು, ಗೇಯೋದು ಬೆನ್ನು.”

ಸೊಸೆಯರಿಗೆ ಮುಂದೆ ಮಾತ್ರ ಮೂರು ಗೆರೆ. ಅತ್ತೆಗೆ ಪೂರ್ತಿ ಸೇವೆ. ಮಾವ ಬಟ್ಟಲಲ್ಲಿ ವಿಭೂತಿ ಗಟ್ಟಿಯಾಗಿ ಕಲಸಿ, ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, ಏನೋ ಗುನುಗುತ್ತಾ ಅವಳ ಬೆನ್ನಿನ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದರು. ಮತ್ತೆ ಅದ್ದಿದರು, ಮತ್ತೆ ಎಳೆದರು. ಮೇಲಿನಿಂದ ಕೆಳಗಿನವರೆಗೂ ಬಿಳಿ ಪಟ್ಟೆ. ನಾನು ಹತ್ತಿರ ಹೋಗಿ ಸ್ವಿಚ್ಚಿನ ಪಕ್ಕ ಒಂದು ಹೂ ಸಿಕ್ಕಿಸೋಣ ಅಂತ ಕೈ ಚಾಚಿದೆ.

“ಕೂಸೇ, ಕೈ ಇಕ್ಬೇಡ. ಹೆಣ್ಮಕ್ಳು ಕೈಯಿಟ್ರೆ ಮಿಷಿನ್ ಕೆಡ್ತವೆ.”

ನಾನು ಕೈ ಹಿಂದೆ ತೆಗೆದುಕೊಂಡೆ. ಹೂವನ್ನು ಹಿಸುಕಿ ಬಿಸಾಡಿದೆ. ಆ ಅಂಗಡಿಯ ಯಜಮಾನಿ ಒಬ್ಬ ಹೆಂಗಸು ಅನ್ನುವುದು ಅವರಿಗೆ ಆ ಕ್ಷಣ ಹೊಳೆಯಲೇ ಇಲ್ಲ ನೋಡಿ. ಬೂದುಗುಂಬಳಕಾಯಿ ಹೊಸ್ತಿಲ ಹೊರಗೆ ಒಡೆಯಿತು, ಚೂರುಗಳು ಲಕ್ಷ್ಮಕ್ಕನ ಬುಟ್ಟಿಗೆ ಹಾರಿದವು, ಅವಳು ಅದಕ್ಕೊಂದಷ್ಟು ಬೈದಳು, ಎಲ್ಲರೂ ಕಡಲೆಪುರಿ ತಿಂದೆವು. ಮಾರನೇ ದಿನ ವಿಜಯದಶಮಿ, ಅಂಗಡಿ ಮುಚ್ಚಿತ್ತು.

ಅದರ ಮಾರನೇ ದಿನ ಶಟರ್ ಎತ್ತಿ, ಮುಂದಿನ ವಿಭೂತಿ ಒರೆಸಿ, ವೈರೆಲ್ಲ ಚುಚ್ಚಿದೆವು. ಅತ್ತೆ ಎದ್ದಳು. ಫೋನು ಕಿರ್‌ರ್ ಕುಂಯ್ ಅಂತ ಎಂದಿನಂತೆ ಕೂಗಿ ಇಂಟರ್‌ನೆಟ್ ಬಂತು. ಸೊಸೆಯರಿಗೆ ಬರಲಿಲ್ಲ. ಮೂರರಲ್ಲೂ ಬಿಳಿ ಪರದೆ, ಪುಟ ತೋರಿಸಲಾಗದು ಅನ್ನುವ ಇಂಗ್ಲಿಷ್ ಸಾಲು. ಬಯೋಡೇಟಾ ಕಳಿಸೋಕೆ ಬಂದಿದ್ದ ಫ್ಯಾಕ್ಟರಿ ಹುಡುಗರು ಸ್ವಲ್ಪ ಹೊತ್ತು ಕೂತರು, ಕೀಬೋರ್ಡು ಕುಟ್ಟಿದರು, ಎದ್ದು ಹೋದರು. ಚಿಕ್ಕಮ್ಮ ಗೋಡೆಯ ಡಬ್ಬಿ ನೋಡಿದಳು. ಸೊಸೆಯರ ಮೂರು ದೀಪ ಉರಿಯುತ್ತಿದ್ದವು. ಅತ್ತೆಯ ದೀಪ ಇರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ದೊಡ್ಡಮಾವ ಉಳಿದ ಹೋಳಿಗೆ ಹಿಡಿದು ಬಂದರು. ಖಾಲಿ ಕುರ್ಚಿಗಳನ್ನು ನೋಡಿದರು.

“ಏನಾಯ್ತು?”

“ನಿಂತೋಗಿದೆ ಅಣ್ಣ. ನೋಡ್ತಿದೀನಿ.”

ಮಾವ ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ಪೂಜೆ ಮಾಡಿದ್ದಕ್ಕೇ ನಿಂತೋಯ್ತಲ್ಲಮ್ಮಿ. ಇನ್ನೂ ಏನು ಬೇಕು ನಿಂಗೆ? ದೇವ್ರು ಬಾಯ್ಬಿಟ್ಟು ಹೇಳ್ಬೇಕಾ? ಅವನ್ಗೇ ಬೇಡ ಈ ಯಾಪಾರ. ಭಾನ್ವಾರ ಟೆಂಪೋ ತತ್ತೀನಿ. ಸಾಮಾನು ಕಟ್ಟಿಡು.”

ಚಿಕ್ಕಮ್ಮ, ಗಂಡ ಬಿಟ್ಟವಳು ಅಂದಾಗ ಉತ್ತರ ಕೊಡುತ್ತಿದ್ದಳು, ಊರಿನವರು ಆಡಿಕೊಳ್ಳುತ್ತಾರೆ ಅಂದಾಗ ಕೊಡುತ್ತಿದ್ದಳು. ದೇವರ ಹೆಸರು ತೆಗೆದಾಗ ಅವಳ ಬಾಯಿ ಕಟ್ಟಿತು. ಮಾವ ಹೋದ ಮೇಲೆ ಹಿಂದಿನ ಕೋಣೆಯ ಶಿವನ ಫೋಟೋ ಮುಂದೆ ಹೋಗಿ ನಿಂತಿದ್ದಳು. ಕೈ ಮುಗಿದಿರಲಿಲ್ಲ. ಸೊಂಟದ ಮೇಲೆ ಇಟ್ಟುಕೊಂಡಿದ್ದಳು.

ಮೈಸೂರಿನ ರಿಪೇರಿಯವರಿಗೆ ಫೋನ್ ಮಾಡಿದೆವು. “ಕಾರ್ಡ್ ಹೋಗಿದೆ ಮೇಡಂ, ಬೇರೆ ಹಾಕಬೇಕು. ಹಬ್ಬ ಅಲ್ವಾ, ಅಂಗಡಿ ಮುಚ್ಚಿದೀವಿ, ಹುಡುಗರೆಲ್ಲ ಊರಲ್ಲಿದಾರೆ. ಮುಂದಿನ ವಾರ ನೋಡೋಣ.”

“ಇಲ್ಲೇ ಎಲ್ಲಾದ್ರೂ ಸಿಗುತ್ತಾ ಕಾರ್ಡು?”

“ನಂಜನಗೂಡಲ್ಲಾ?” ಅಂತ ನಕ್ಕರು. ಆ ನಗು ಕೇಳಿ ಚಿಕ್ಕಮ್ಮ ರಿಸೀವರನ್ನು ಕುಕ್ಕಿದ ರೀತಿಗೆ ಫೋನೂ ಕೆಡಬೇಕಿತ್ತು.

“ಸವೀ, ಬಾ ಇಲ್ಲಿ,” ಅಂದಳು. ನನ್ನ ಹೆಸರು ಸವಿತಾ. “ಮುಂದಿನ ವಾರದ ತನಕ ನಾವಿಲ್ಲಿ ಇರಲ್ಲ. ನಾವೇ ನೋಡೋಣ. ಮೊದ್ಲು ವೈರು.”

ಅತ್ತೆಯ ನೀಲಿ ವೈರನ್ನು ಕಿತ್ತು ಒಬ್ಬ ಸೊಸೆಗೆ ಚುಚ್ಚಿದೆವು. ಡಬ್ಬಿಯ ಮೇಲೆ ದೀಪ ಬಂತು. ಅಂದರೆ ವೈರು ಸರಿಯಿದೆ, ಡಬ್ಬಿಯೂ ಸರಿಯಿದೆ. ಸೊಸೆಯ ವೈರನ್ನು ಅತ್ತೆಗೆ ಚುಚ್ಚಿದೆವು. ದೀಪ ಇಲ್ಲ. ತಪ್ಪು ಅತ್ತೆಯದೇ. ಪರದೆಯ ಮೇಲೆ ಕಾರ್ಡಿನ ಆರೋಗ್ಯ ಏನು ಅಂತ ಕೇಳಿದರೆ ‘ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ’ ಅಂತ ಬರುತ್ತಿತ್ತು. “ನೋಡು, ಹೊಟ್ಟೆ ನೋವಿದ್ರೂ ಚೆನ್ನಾಗಿದೀನಿ ಅಂತಾಳೆ,” ಅಂದಳು ಚಿಕ್ಕಮ್ಮ. “ನಾನೂ ಹಿಂಗೇ ಅಂತಿದ್ದೆ ಅಲ್ಲಿದ್ದಾಗ.”

ಸೊಸೆಯರ ಕಾರ್ಡೊಂದನ್ನು ಕಿತ್ತು ಹಾಕೋಣವೆಂದರೆ ಅವರಿಗೆ ಬೇರೆ ಕಾರ್ಡೇ ಇರಲಿಲ್ಲ, ಬೋರ್ಡಿನಲ್ಲೇ ಬೆಸೆದು ಬಂದಿತ್ತು. ಇಂಟರ್‌ನೆಟ್ಟನ್ನೇ ಒಬ್ಬ ಸೊಸೆಗೆ ವರ್ಗಾಯಿಸೋಣವೆಂದರೆ ಅದಕ್ಕೆ ಬೇಕಾದ ಸಿ.ಡಿ. ಆ ರಿಪೇರಿಯವರ ಹತ್ತಿರವೇ ಇತ್ತು. ಉಳಿದದ್ದು ಒಂದೇ, ಅತ್ತೆಯ ಹೊಟ್ಟೆ ಬಿಚ್ಚುವುದು. ಚಿಕ್ಕಮ್ಮ ಯಾವತ್ತೂ ಬಿಚ್ಚಿರಲಿಲ್ಲ. ಕ್ಲಾಸಿನಲ್ಲಿ ಬಿಚ್ಚಿ ತೋರಿಸುವಾಗ ಗಂಡು ಹುಡುಗರು ಮೇಜು ಸುತ್ತಿ ನಿಂತು, ಹೆಣ್ಣುಮಕ್ಕಳಿಗೆ ಅವರ ಬೆನ್ನು ಮಾತ್ರ ಕಂಡಿತ್ತಂತೆ.

“ಸ್ಕ್ರೂ ಡ್ರೈವರ್ ಕೊಡು. ನಾನು ಬಿಚ್ತೀನಿ,” ಅಂದೆ.

“ನಿಂಗೆ ಬರುತ್ತಾ?”

“ಬರಲ್ಲ. ದೊಡ್ಡಮಾವ ಮುಟ್ಬೇಡ ಅಂದ್ರಲ್ಲ, ಅದಕ್ಕೆ.”

ಚಿಕ್ಕಮ್ಮ ನನ್ನ ಮುಖ ನೋಡಿ ಸ್ಕ್ರೂ ಡ್ರೈವರ್ ಕೊಟ್ಟಳು. “ಮೊದ್ಲು ಕಿಟಕಿ ಸರಳು ಮುಟ್ಟು. ಮೈಯಲ್ಲಿರೋ ಕರೆಂಟು ಅಲ್ಲಿಳೀಲಿ.” ಮುಟ್ಟಿದೆ. ಪಕ್ಕದ ತಗಡು ತೆಗೆದರೆ ಒಳಗೆ ಜೇಡರಬಲೆ, ಧೂಳಿನ ಉಂಡೆ, ಒಂದು ಸತ್ತ ಜಿರಲೆ. ಹಸಿರು ಬಣ್ಣದ ನೆಟ್‌ವರ್ಕ್ ಕಾರ್ಡು ಅಂಗೈ ಅಗಲ ಇತ್ತು. ಇಷ್ಟೇನಾ ಅನ್ನಿಸಿತು. ಎಳೆದರೆ ಮಗುವಿನ ಹಲ್ಲು ಬಂದ ಹಾಗೆ ಬಂತು. ಅದರ ಕೆಳಗಿನ ಚಿನ್ನದ ಬಣ್ಣದ ಅಂಚನ್ನು ನನ್ನ ಜಾಮಿಟ್ರಿ ಬಾಕ್ಸಿನ ರಬ್ಬರಿನಲ್ಲಿ ಉಜ್ಜಿ ಫಳಫಳ ಮಾಡಿದೆವು. ಮತ್ತೆ ಕೂರಿಸಿದೆವು. ದೀಪ ಬರಲಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಬದಲಿಸಿದೆವು. ದೀಪ ಬರಲಿಲ್ಲ. ಬಿಚ್ಚು, ಉಜ್ಜು, ಹಾಕು. ಎರಡು ದಿನ ಇದೇ. ಹೋಳಿಗೆ ತಿನ್ನುವುದು, ಅತ್ತೆಯನ್ನು ಬೈಯುವುದು, ಮತ್ತೆ ಬಿಚ್ಚುವುದು.

ಲಕ್ಷ್ಮಕ್ಕ ಬಾಗಿಲಿಂದಲೇ ಕೇಳುತ್ತಿದ್ದಳು. “ಎದ್ಲಾ ನಿಮ್ಮತ್ತೆ?”

“ಇಲ್ಲ ಲಕ್ಷ್ಮಕ್ಕ.”

“ನಮ್ಮತ್ತೇನೂ ಇಂಗೇ ಕಣವ್ವ. ಮನೆಗೆ ನೆಂಟ್ರು ಬತ್ತವ್ರೆ ಅಂದ್ರೆ ಮುಸುಕಾಕ್ಕೊಂಡು ಮನಿಕೊಂಬುಡೋಳು.”

ಶನಿವಾರ ಮಧ್ಯಾಹ್ನ ಕರೆಂಟೂ ಹೋಯಿತು. ಚಿಕ್ಕಮ್ಮ ಎದ್ದು ಹಿಂದಿನ ಕೋಣೆಗೆ ಹೋದಳು. ನೋಡಿದರೆ ಸೀರೆಗಳನ್ನು ಮಡಿಸಿ ಚೀಲಕ್ಕೆ ಇಡುತ್ತಿದ್ದಾಳೆ. ಪಾತ್ರೆಗಳನ್ನು ಆಗಲೇ ಒಂದರೊಳಗೊಂದು ಸೇರಿಸಿಟ್ಟಿದ್ದಳು.

“ಏನ್ ಮಾಡ್ತಿದೀಯ?”

“ಸಾಕಾಯ್ತು ಸವೀ. ನಿಜವಾಗ್ಲೂ ಅವನಿಗೇ ಬೇಡವೇನೋ.” ಫೋಟೋ ಕಡೆ ಗದ್ದ ತೋರಿಸಿದಳು. “ಮೂಗೂರಲ್ಲಿ ಅತ್ತಿಗೆಗೂ ಮಂಡಿ ನೋವು. ನಾನು ಹೋದ್ರೆ ಒಲೆ ಮುಂದೆ ಒಬ್ಳಾಗ್ತೀನಿ. ಇನ್ನೇನಿದೆ.”

ನನಗೆ ಹದಿಮೂರು ವರ್ಷ. ಹೆಂಗಸರ ಜೀವನ, ಸ್ವಾತಂತ್ರ್ಯ ಅಂತೆಲ್ಲ ನನಗೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ನನ್ನ ಚಿಕ್ಕಮ್ಮ ಮೂಗೂರಿನ ಅಡುಗೆಮನೆಯಲ್ಲಿ ಕೂತರೆ ಆಮೇಲೆ ಅವಳು ಅವಳಾಗಿರುವುದಿಲ್ಲ. “ನೀನು ಹೋಗು. ನಾನು ಬರಲ್ಲ. ಶಟರಿನ ಬೀಗದ ಕೈ ಕೊಟ್ಟೋಗು,” ಅಂದೆ. ಅವಳು ಸೀರೆ ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನು ಮುಂದೆ ಬಂದು ಮತ್ತೆ ಕಾರ್ಡು ಕಿತ್ತೆ.

ಒಳಗೆ ಕತ್ತಲು. ಕಾರ್ಡು ಹಿಡಿದು ಬಾಗಿಲಿಗೆ ಬಂದು ಲಕ್ಷ್ಮಕ್ಕನ ಪಕ್ಕ ಕೂತೆ. ಇಷ್ಟು ದಿನ ನಾವು ನೋಡಿದ್ದೆಲ್ಲ ಅದರ ಕೆಳಗಿನ ಅಂಚು. ಬಿಸಿಲಿಗೆ ಹಿಡಿದು ತಿರುಗಿಸಿದಾಗ ಮೊದಲ ಸಲ ಅದರ ಬಾಯಿಯೊಳಗೆ ಬೆಳಕು ಬಿತ್ತು. ನೀಲಿ ವೈರು ಕೂರುವ ಆ ಚೌಕದ ತೂತಿನಲ್ಲಿ ಎಂಟು ಸಣ್ಣ ಚಿನ್ನದ ತಂತಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಇರಬೇಕು. ಸೊಸೆಯರಲ್ಲಿ ನೋಡಿದ್ದೆ. ಇದರಲ್ಲಿ ತಂತಿಗಳೇ ಕಾಣಲಿಲ್ಲ. ಬೆಳ್ಳಗೆ ಗಾರೆ ಮೆತ್ತಿದ ಹಾಗಿತ್ತು.

“ಚಿಕ್ಕಮ್ಮಾ, ಇದರೊಳಗೆ ಸುಣ್ಣ ಇದೆ.”

ಬಂದಳು. ಪಿನ್ನಿನಿಂದ ಕೆರೆದಳು. ಬೆರಳಿಗೆ ಹಚ್ಚಿಕೊಂಡು ಉಜ್ಜಿದಳು, ಮೂಸಿದಳು. ಅವಳ ಮುಖದಲ್ಲಿ ಆದದ್ದನ್ನು ನಾನು ಬರೆಯಲಾರೆ. ಮೊದಲು ಕಣ್ಣು ಕಿರಿದಾಯಿತು. ಆಮೇಲೆ ತುಟಿ ನಡುಗಿತು. ಅಳುತ್ತಾಳೆ ಅಂದುಕೊಂಡೆ. ಹೊಸ್ತಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

“ಏನವ್ವ, ಏನಾಯ್ತು?” ಅಂದಳು ಲಕ್ಷ್ಮಕ್ಕ.

“ವಿಭೂತಿ ಲಕ್ಷ್ಮಕ್ಕ. ನಮ್ಮಣ್ಣ ಅತ್ತೆ ಬಾಯಿಗೆ ವಿಭೂತಿ ಮೆತ್ತವ್ನೆ.”

ಮೂರು ಬೆರಳಿನ ಪೂಜೆ. ವೈರು ಬಿಚ್ಚಿ ಬಾಯಿ ತೆರೆದಿದ್ದ ಕಾರ್ಡಿನೊಳಕ್ಕೆ ಗಟ್ಟಿ ವಿಭೂತಿ ನುಗ್ಗಿ, ಎರಡು ರಾತ್ರಿಯಲ್ಲಿ ಒಣಗಿ ಕಲ್ಲಾಗಿತ್ತು. ನಾವು ಅಂಗಡಿ ತೆರೆದ ಬೆಳಿಗ್ಗೆ ಅದರ ಮೇಲೆಯೇ ವೈರು ಚುಚ್ಚಿ ಇನ್ನಷ್ಟು ಅದುಮಿದ್ದೆವು. ಬೆನ್ನಿನ ವಿಭೂತಿ ಹಬ್ಬದ್ದು, ತಾನಾಗಿ ಉದುರಲಿ ಅಂತ ಒರೆಸಿರಲಿಲ್ಲ.

ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ಟು ತಂದೆವು. ಪೊರಕೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒಂದೊಂದು ತಂತಿಯನ್ನೂ ಸವರಿ ಸವರಿ ಬಿಡಿಸಿದೆವು. ನನ್ನ ಹಲ್ಲುಜ್ಜುವ ಬ್ರಷ್ಷೂ ಹೋಯಿತು. ಬಿಳಿ ಹತ್ತಿಯ ಉಂಡೆಗಳನ್ನು ಚಿಕ್ಕಮ್ಮ ಬಿಸಾಡದೆ ಒಂದು ಕಾಗದದಲ್ಲಿ ಕಟ್ಟಿಟ್ಟಳು. ಕಾರ್ಡನ್ನು ಬಿಸಿಲಿನಲ್ಲಿ ಹೂವಿನ ಬುಟ್ಟಿಯ ಅಂಚಿಗೆ ಒರಗಿಸಿ ಒಣಗಿಸಿದೆವು. ಸಂಜೆ ಕರೆಂಟು ಬಂತು. ನಾನು ಸ್ಕ್ರೂ ಬಿಗಿದೆ, ಅವಳು ವೈರು ಚುಚ್ಚಿದಳು. ಗೋಡೆಯ ಡಬ್ಬಿಯಲ್ಲಿ ನಾಲ್ಕನೇ ದೀಪ ಹಸಿರಾಯಿತು.

“ಮಾವನಿಗೆ ಫೋನ್ ಮಾಡು. ನಾಳೆ ಬರೋದು ಬೇಡ ಅನ್ನು,” ಅಂದೆ.

“ಯಾಕೆ? ಬರ್ಲಿ,” ಅಂದಳು ಚಿಕ್ಕಮ್ಮ. “ಟೆಂಪೋ ಸಮೇತ ಬರ್ಲಿ.”

ಭಾನುವಾರ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಫ್ಯಾಕ್ಟರಿ ಹುಡುಗರು ನಿಂತಿದ್ದರು. ಸುದ್ದಿ ಹಬ್ಬಿಸಿದ್ದು ಲಕ್ಷ್ಮಕ್ಕ. ಮಲ್ಲಿಗೆ ಕೊಂಡವರಿಗೆಲ್ಲ ಅತ್ತೆ ಎದ್ದ ಕಥೆ ಉಚಿತ. ನಾಲ್ಕೂ ಕುರ್ಚಿ ತುಂಬಿ ಇಬ್ಬರು ಗೋಡೆಗೆ ಒರಗಿದ್ದಾಗ ಟೆಂಪೋ ಬಂತು. ಹಗ್ಗ, ಗೋಣಿಚೀಲ, ಡ್ರೈವರ್ ಸಿದ್ದ, ದೊಡ್ಡಮಾವ. ಮಾವ ನೇರ ಒಳಗೆ ಕಾಲಿಟ್ಟರು.

“ಅಣ್ಣ, ಚಪ್ಪಲಿ,” ಅಂದಳು ಚಿಕ್ಕಮ್ಮ, ಕುರ್ಚಿಯಿಂದ ಏಳದೆ.

ಮಾವ ಹಿಂದೆ ಸರಿದು ಚಪ್ಪಲಿ ಬಿಟ್ಟು ಬಂದರು. ಕೂತವರನ್ನು ನೋಡಿದರು. “ಎತ್ಲಾ ಸಿದ್ದ.”

“ಎಂಗೆತ್ತದು ಸಾ? ಜನ ಕೂತವ್ರೆ. ಜನ ಸಮೇತ ಎತ್ಲಾ?”

ಯಾರೋ ಕಿಸಕ್ಕೆಂದರು. ಮಾವನ ಕಿವಿ ಕೆಂಪಾಯಿತು. “ಇವತ್ತು ನಡೀತದೆ, ನಾಳೆ ನಿಲ್ತದೆ. ದೇವ್ರು ಒಂದು ಸಲ ಬೇಡ ಅಂದ್ಮೇಲೆ ಮುಗೀತು ಕಣಮ್ಮಿ.”

ಚಿಕ್ಕಮ್ಮ ಕಾಗದದ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು. “ದೇವ್ರು ಬೇಡ ಅನ್ಲಿಲ್ಲ ಅಣ್ಣ. ನೀನು ದೇವ್ರನ್ನ ಅವಳ ಬಾಯಿಗೆ ತುರುಕಿದ್ದೆ. ಮಾತಾಡೋದು ಹೆಂಗೆ?”

ಮಾವ ಹತ್ತಿ ತೆಗೆದುಕೊಂಡರು. ಮೂಸಿದರು. ಮಠದ ವಿಭೂತಿಯ ವಾಸನೆ ಅವರಿಗೆ ಗೊತ್ತಾಗದೆ ಇರುತ್ತದೆಯೇ. “ಅಪ್ಪನ ಕಾಲ್ದಿಂದ ಮೋಟ್ರಿಗೆ ಬಳೀತಾ ಇದೀವಿ,” ಅಂದರು ನಿಧಾನವಾಗಿ. “ಒಂದಿನ ನಿಂತಿಲ್ಲ.”

“ಮೋಟ್ರಿಗೆ ಬಾಯಿಲ್ಲ. ಇದಕ್ಕೈತೆ.”

“ಅಂಗಾದ್ರೂ ಮಂಗ್ಳಿ, ಒಬ್ಳೇ ಹೆಂಗ್ಸು…”

“ಹಾಂ, ಆ ಮಾತಾಡು. ಅದು ನಿನ್ನ ಮಾತು.” ಈಗ ಚಿಕ್ಕಮ್ಮ ಎದ್ದು ನಿಂತಳು. “ನಿಂಗೆ ಭಯ. ಊರೋರು ಏನಂತಾರೋ ಅಂತ. ಅದನ್ನ ನಿನ್ನ ಬಾಯಲ್ಲೇ ಹೇಳು, ಕೇಳ್ತೀನಿ, ಉತ್ರ ಕೊಡ್ತೀನಿ. ದೇವ್ರ ಮೇಲೆ ಹಾಕ್ಬೇಡ. ಅವನ್ನ ಮುಂದಿಟ್ಕೊಂಡು ನೀನು ಹಿಂದೆ ನಿಂತ್ರೆ ನಾನು ಯಾರ ಹತ್ರ ಜಗಳ ಆಡ್ಲಿ?”

ಮಾವ ಹತ್ತಿಯ ಉಂಡೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ವಿಭೂತಿ ಅಲ್ಲವೇ, ಬಿಸಾಡುವ ಹಾಗಿಲ್ಲ.

“ಆಡ್ತೀನಿ,” ಅಂದರು. “ಊಟಕ್ಕೆ ಏನದೆ?”

ಹಿಂದಿನ ಕೋಣೆಯಲ್ಲಿ ಮುದ್ದೆ, ಹುರುಳಿಕಾಳು ಸಾರು. ಅಣ್ಣ ತಂಗಿ ಜಗಳವಾಡುತ್ತಲೇ ಉಂಡರು. ಮಾವ ಎಲ್ಲವನ್ನೂ ಬಿಚ್ಚಿ ಹೇಳಿದರು. ಮಠದಲ್ಲಿ ಯಾರೋ ಏನೋ ಅಂದಿದ್ದು, ಮಗಳಿಗೆ ಗಂಡು ನೋಡುವಾಗ ಈ ಮಾತು ಬಂದಿದ್ದು, ರಾತ್ರಿ ಫೋನ್ ಬಂದರೆ ಎದೆ ಹಾರುವುದು. ಚಿಕ್ಕಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೆಲವಕ್ಕೆ ಅವಳಲ್ಲೂ ಉತ್ತರ ಇರಲಿಲ್ಲ, ಇಲ್ಲ ಅಂದಳು. ದನಿ ಏರಿದಾಗಲೆಲ್ಲ ಮುಂದೆ ಕೂತ ಹುಡುಗರು ಕಿವಿ ನಿಮಿರಿಸುತ್ತಿದ್ದರು. “ಇನ್ನೊಂದು ಮುದ್ದೆ ಹಾಕು,” ಅಂತ ಜಗಳದ ಮಧ್ಯೆ ಮಾವ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟರಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಡ್ರೈವರ್ ಸಿದ್ದ ಗೋಣಿಚೀಲ ಕಂಕುಳಲ್ಲಿ ಇಟ್ಟುಕೊಂಡು ಆ ಕುರ್ಚಿಯಲ್ಲಿ ಕೂತಿದ್ದ. “ಟೆಂಪೋ ಪೋಟೋ ಬತ್ತದಾ ಇದ್ರಲ್ಲಿ?” ಅಂತ ನನ್ನನ್ನು ಕೇಳಿದ. ತೋರಿಸಿದೆ. ಯಾವುದೋ ದೇಶದ ಟೆಂಪೋ ಒಂದೊಂದು ಗೆರೆಯಾಗಿ ಮೇಲಿನಿಂದ ಕೆಳಗೆ ಇಳಿದು ಬಂತು. ಸಿದ್ದ ಬಾಯಿ ತೆರೆದುಕೊಂಡು ಚಕ್ರ ಬರುವುದನ್ನೇ ಕಾಯುತ್ತಿದ್ದ.

ಮಾವ ಕೈ ಒರೆಸಿಕೊಂಡು ಹೊರಗೆ ಬಂದು ಅವನನ್ನು ಎಬ್ಬಿಸಿದರು. “ನಡೀಲಾ.”

“ಸಾಮಾನು ಸಾ?”

ಮಾವ ಅತ್ತೆಯ ಕಡೆ ನೋಡಿದರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು. “ಬರೋ ವರ್ಷ ಮುಚ್ಚಳಕ್ಕೆ ಮಾತ್ರ ಬಳೀತೀನಿ ಬುಡು.”

ಬರೋ ವರ್ಷ ಅಂದರು. ಚಿಕ್ಕಮ್ಮ ನನ್ನ ತೋಳನ್ನು ಚಿವುಟಿದಳು. ಟೆಂಪೋ ಹಗ್ಗ ಸಮೇತ ಖಾಲಿ ಹೋಯಿತು.

ಸೆಂಟರು ಆಮೇಲೂ ಬಹಳ ವರ್ಷ ನಡೆಯಿತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಚಿಕ್ಕಮ್ಮ ತಾನೇ ಒಂದು ದಿನ ಸಾಕು ಅಂತ ಮುಚ್ಚಿದಳು. ಈಗ ಅಲ್ಲಿ ಫೋನಿನ ಕವರ್ ಮಾರುತ್ತಾರೆ. ದೊಡ್ಡಮಾವ ಇಲ್ಲ. ಇರುವವರೆಗೂ ಅವರು ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಪ್ರತಿ ಸಲ ಬಂದರು, ಪ್ರತಿ ಸಲ ಜಗಳವಾಡಿದರು, ಪ್ರತಿ ಸಲ ಉಂಡು ಹೋದರು.

ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹದಿಮೂರರ ಹುಡುಗಿಗೆ ಯಂತ್ರ ಮುಟ್ಟಬೇಡ ಅನ್ನುತ್ತಿದ್ದ ಕಾಲ ಏನು ಚೆನ್ನ. ಆದರೂ ಒಂದು ಕಳೆದಿದೆ. ಮೊನ್ನೆ ನಾನು ಇಲ್ಲೇ ಇಂಟರ್‌ನೆಟ್ಟಿನಲ್ಲಿ ಬರೆದ ಒಂದು ಪೋಸ್ಟಿನ ಕೆಳಗೆ ಒಬ್ಬ ‘ಆಂಟಿ, ಅಡುಗೆ ನೋಡ್ಕೋ ಹೋಗು, ಇದು ನಮ್ಮ ಸಂಸ್ಕೃತಿ ಅಲ್ಲ’ ಅಂತ ಬರೆದ. ಮುಖದ ಜಾಗದಲ್ಲಿ ಯಾವನೋ ಸಿನಿಮಾ ಹೀರೋ, ಹೆಸರಿನ ಜಾಗದಲ್ಲಿ ಹುಲಿ ಸಿಂಹ. ಏನಪ್ಪಾ ನಿನಗೆ ಭಯ, ಹೇಳು ಅಂತ ಕೇಳಿದೆ. ಬ್ಲಾಕ್ ಮಾಡಿ ಓಡಿದ. ದೊಡ್ಡಮಾವ ಬೇಡ ಅನ್ನಬೇಕೆಂದರೆ ಮೂಗೂರಿನಿಂದ ಬರಬೇಕಿತ್ತು. ತಂಗಿಯ ಎದುರು ಕೂತು, ಅವಳು ಬಡಿಸಿದ್ದನ್ನು ತಿಂದು, ಅವಳ ಮಾತನ್ನೂ ಕೇಳಬೇಕಿತ್ತು. ಸೋತರೆ ನಾಲ್ಕು ಜನರ ಮುಂದೆ ಬಂದ ಬಾಗಿಲಿನಿಂದಲೇ ಹೋಗಬೇಕಿತ್ತು. ಅಷ್ಟು ಮರ್ಯಾದೆಯ ಎದುರಾಳಿ ಈಗ ನನಗೆ ಸಿಗುತ್ತಿಲ್ಲ.

ನಾನಂತೂ ಬರೆಯುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕು ಅನ್ನಿಸಿದವರು ನರಸೀಪುರಕ್ಕೆ ಬನ್ನಿ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಮನೆ ತೋರಿಸುತ್ತಾರೆ. ಮುದ್ದೆ ಉಣ್ಣುತ್ತೀರೋ ಅನ್ನವೋ, ಅದೊಂದು ಮೊದಲೇ ಹೇಳಿ.